ಅಕ್ಕನ ಪಕ್ಕದ ಕುರ್ಚಿ

ಗುಬ್ಬಿ ಈ ವಾರವೂ ಜಾರಿದ್ದಾನೆಂಬುದು ಅವನು ಬಾಗಿಲು ಮುಚ್ಚಿದ ರೀತಿಯಲ್ಲೇ ಎಲ್ಲರಿಗೂ ಗೊತ್ತಾಗಿಹೋಯಿತು. ವಾರವಿಡೀ ವೇಪ್ ಎಂಬ ಇ-ಸಿಗರೇಟು ಮುಟ್ಟದೆ ಇದ್ದವರು ಬರುವಾಗ ಆ ಬಾಗಿಲು ದಢಾರೆಂದು ಸದ್ದು ಮಾಡುತ್ತದೆ. ಜಾರಿದವರು ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಮಗು ಮಲಗಿದ ಮನೆಗೆ ಬಂದವರ ಹಾಗೆ ಮೆಲ್ಲಗೆ ಒತ್ತುತ್ತಾರೆ. ಹಾಗೆ ಒತ್ತಿ, ಯಾರ ಮುಖವನ್ನೂ ನೋಡದೆ, ದುಂಡಗೆ ಹಾಕಿದ ಕುರ್ಚಿಗಳ ನಡುವೆ ನುಸುಳಿ, ಗುಬ್ಬಿ ಸೀದಾ ಹೋಗಿ ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೂತ. ಎದುರಿಗೆ ಕೂತಿದ್ದ ಕಂಬ ಎಂಬ ಹುಡುಗನಿಗೆ ಹೊಟ್ಟೆಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದಂತಾಯಿತು. ಅಯ್ಯೋ ಪಾಪ ಅನ್ನಿಸಬೇಕಾದ ಜಾಗದಲ್ಲಿ ಹೊಟ್ಟೆಕಿಚ್ಚು ಹತ್ತಿಕೊಂಡದ್ದಕ್ಕೆ ಅವನಿಗೇ ನಾಚಿಕೆಯಾಯಿತು. ನಾಚಿಕೆಯಾಯಿತೆಂದು ಕಿಚ್ಚೇನೂ ಆರಲಿಲ್ಲ.

ಆ ಕುರ್ಚಿ ಅಕ್ಕನ ಪದ್ಧತಿ. ಅಕ್ಕ ಎಂದರೆ ಅಲ್ಲಿ ಯಾರಿಗೂ ಒಡಹುಟ್ಟಿದವರಲ್ಲ. ವೇಪ್ ಬಿಡಬೇಕೆಂದು ಬರುವ ಹುಡುಗ ಹುಡುಗಿಯರನ್ನು ವಾರಕ್ಕೊಮ್ಮೆ ಈ ಕ್ಲಿನಿಕ್ಕಿನ ಮಹಡಿ ಕೋಣೆಯಲ್ಲಿ ಕೂರಿಸಿಕೊಂಡು ಮಾತಾಡಿಸುವ ಆಪ್ತಸಲಹೆಗಾರ್ತಿ. ಮೊದಲ ದಿನವೇ "ಮೇಡಂ ಗೀಡಂ ಅಂದ್ರೆ ನಾನು ತಿರುಗಿ ನೋಡಲ್ಲ" ಎಂದುಬಿಟ್ಟಿದ್ದರು. ಅವರ ಗುಂಪಿನಲ್ಲಿ ಸೋಲು ಎಂಬ ಮಾತಿಲ್ಲ, ಜಾರುವುದು ಎನ್ನಬೇಕು. ಆ ವಾರ ಜಾರಿದವರು ತಾವಾಗಿಯೇ ಬಂದು ಅವರ ಪಕ್ಕದಲ್ಲಿ ಕೂರಬೇಕು. ಯಾರೂ ಬೈಯುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಅಕ್ಕ ಕೇಳುವುದು ಒಂದೇ ಪ್ರಶ್ನೆ: "ಯಾವ ಹೊತ್ತಲ್ಲಿ?" ಜಾರಿದ ಹೊತ್ತು ಗೊತ್ತಾದರೆ, ಮುಂದಿನ ವಾರವೆಲ್ಲ ದಿನಾ ಅದೇ ಹೊತ್ತಿಗೆ ತಾವೇ ಫೋನು ಮಾಡುತ್ತಾರೆ, ಎಳೆಯಲೇಬೇಕೆನ್ನುವ ತಲುಬು ಎದ್ದು, ಕುಣಿದು, ಸುಸ್ತಾಗಿ ಕೂರುವತನಕ ಅದೂ ಇದೂ ಮಾತಾಡುತ್ತಿರುತ್ತಾರೆ. ಒಂದು ಹೊತ್ತಿಗೆ ಒಬ್ಬರಿಗೆ ಮಾತ್ರ. ಗುಬ್ಬಿಯ ಹೊತ್ತು ಬೀದಿ ದೀಪ ಹತ್ತುವ ಹೊತ್ತು. ಸಾರ್ವಜನಿಕ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ ಹುಡುಗ ಅವನು. ಮಕ್ಕಳನ್ನೆಲ್ಲ ಒರೆಸಿ ಕಳಿಸಿ, ಕೊಳ ಖಾಲಿಯಾಗಿ, ನೀರು ಸುಮ್ಮನಾದಾಗ ಅವನ ಕೈ ತಾನಾಗಿಯೇ ಜೇಬಿಗೆ ಹೋಗುತ್ತದಂತೆ. ಇದನ್ನು ಅವನು ಹೇಳುವಾಗ ಅಕ್ಕನ ಕೈ ಅವನ ಕುರ್ಚಿಯ ಬೆನ್ನಿನ ಮೇಲಿರುತ್ತಿತ್ತು. ಕೈ ಮುಟ್ಟುತ್ತಿದ್ದದ್ದು ಮರವನ್ನು, ಗುಬ್ಬಿಯನ್ನಲ್ಲ. ಆದರೂ ಕಂಬ ಆ ಕೈಯನ್ನೇ ನೋಡುತ್ತಿದ್ದ.

ಕಂಬ ಎಂಬ ಹೆಸರು ಕೊಟ್ಟವರೂ ಅಕ್ಕನೇ. ಬಂದ ಮೊದಲ ವಾರವೇ ಅವನು ತನ್ನ ವೇಪನ್ನು ಅವರ ಮೇಜಿನ ಮೇಲಿಟ್ಟು ಹೋದವನು ಮತ್ತೆ ಮುಟ್ಟಿರಲಿಲ್ಲ. ತಲೆ ಸಿಡಿಯಿತು, ಅಂಗಡಿಯಲ್ಲಿ ಗಿರಾಕಿಗಳ ಮೇಲೆ ಸಿಡುಕಿದ, ನಿದ್ದೆ ಬಾರದೆ ಹೊರಳಾಡಿದ, ಜಾರಲಿಲ್ಲ. "ಇವನನ್ನ ನೋಡಿ ಕಲೀರೋ. ಈ ಗುಂಪಿಗೆ ಕಂಬ ಇದ್ದ ಹಾಗೆ" ಎಂದು ಅಕ್ಕ ಎಲ್ಲರೆದುರು ಹೇಳಿದ ದಿನ ಅವನು ಮನೆಗೆ ಬಸ್ಸು ಹತ್ತದೆ ನಡೆದೇ ಹೋಗಿದ್ದ, ಹಿಗ್ಗಿಗೆ. ಕಂಬದ ಪಾಡೇನೆಂಬುದು ತಿಳಿದದ್ದು ಆಮೇಲೆ. ಕಂಬಕ್ಕೆ ಒರಗುತ್ತಾರೆ, ಕೊಡೆ ತೂಗುಹಾಕುತ್ತಾರೆ, ಅದರ ಸುತ್ತ ಆಟವಾಡುತ್ತಾರೆ. ನೀನು ಹೇಗಿದ್ದೀಯಪ್ಪ ಎಂದು ಕಂಬವನ್ನು ಕೇಳಿದವರುಂಟೆ? ಮಾತು ಸುತ್ತಿಬಂದು ತನ್ನ ಸರದಿ ಬಂದಾಗ ಅಕ್ಕ, "ನಿಂದೇನೂ ತೊಂದರೆ ಇಲ್ಲ ಬಿಡು" ಎಂದು ನಕ್ಕು ಪಕ್ಕದವಳ ಕಡೆ ತಿರುಗುತ್ತಿದ್ದರು. ಆ ನಗುವಿನಲ್ಲಿ ಪ್ರೀತಿಯೇ ಇತ್ತು. ಆದರೆ ಬಸ್ಸು ನಿಲ್ಲದೆ ಹೋದ ಮೇಲೆ ಚಾಲಕ ಒಳ್ಳೆಯವನಾದರೆಷ್ಟು, ಬಿಟ್ಟರೆಷ್ಟು.

ಇನ್ನೊಂದು ಸಂಗತಿ ಅವನನ್ನು ಕೊರೆಯುತ್ತಿತ್ತು. ಅಕ್ಕನ ಕನ್ನಡಕದ ಎಡಗಡೆಯ ಕಡ್ಡಿ ಸಡಿಲವಾಗಿತ್ತು. ಅವರು ತಲೆ ತಗ್ಗಿಸಿದಾಗಲೆಲ್ಲ ಅದು ಮೂಗಿನ ಮೇಲಿಂದ ಜಾರುತ್ತಿತ್ತು, ಅವರು ಬೆರಳಿನ ಹಿಂಬದಿಯಿಂದ ಮೇಲೆ ದೂಡುತ್ತಿದ್ದರು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆಳಗಿನಿಂದ ಸಂಜೆತನಕ ಲೆನ್ಸು ಉಜ್ಜಿ ಫ್ರೇಮಿಗೆ ಕೂರಿಸುವುದೇ ಅವನ ಕೆಲಸ. ಒಂದು ತಿರುಪಿನ ಮಾತು ಅದು. ಪುಟ್ಟ ತಿರುಪುಳಿಯನ್ನು ಎಷ್ಟೋ ವಾರಗಳಿಂದ ಅಂಗಿಯ ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದ. ಆದರೆ ಎದುರಿಗೆ ಕೂತವನು ನಾಲ್ಕು ಜನರ ಕಣ್ಣ ಮುಂದೆ ಎದ್ದು ಹೋಗಿ ಅವರ ಮುಖದಿಂದ ಕನ್ನಡಕ ತೆಗೆದುಕೊಳ್ಳುವುದು ಹೇಗೆ? ಪಕ್ಕದಲ್ಲಿದ್ದರೆ ಅದು ಸಹಜ. ಪಕ್ಕದಲ್ಲಿ ಗುಬ್ಬಿ ಇದ್ದ. ಗುಬ್ಬಿಗೆ ಆ ಕಡ್ಡಿ ಸಡಿಲವಾಗಿದೆ ಎಂಬುದೇ ಕಂಡಿರಲಿಕ್ಕಿಲ್ಲ. ಅವನು ತನ್ನ ಒದ್ದೆ ಕೂದಲನ್ನು ಕೆರೆದುಕೊಳ್ಳುತ್ತ, ಮೂಗೆಳೆಯುತ್ತ, ಅಳು ಬಂದರೆ ಅಳುತ್ತ ಕೂತಿರುತ್ತಿದ್ದ. ಅಳುವ ಮಗುವಿಗೇ ಹಾಲು ಎಂದು ಸುಮ್ಮನೆ ಹೇಳುತ್ತಾರೆಯೇ. ಆ ಕೋಣೆಯ ಫ್ಯಾನು ತಿರುಗುತ್ತಿತ್ತು, ಅವನ ಚಿಕ್ಕಂದಿನ ಮನೆಯಲ್ಲಿ ಬಿಸಿನೀರಿನ ಪಾತ್ರೆಯಿಂದ ಹಬೆ ಏಳುತ್ತಿತ್ತು, ಅಮ್ಮ ತಮ್ಮನ ತಲೆಯ ಮೇಲೆ ಟವೆಲು ಹೊದಿಸಿ "ಎಳ್ಕೋ ಕಂದ, ಇನ್ನೂ ಸ್ವಲ್ಪ ಎಳ್ಕೋ" ಎನ್ನುತ್ತ ಬೆನ್ನು ಸವರುತ್ತಿದ್ದಳು. ತಮ್ಮನಿಗೆ ಉಬ್ಬಸ. ಒಲೆಯಿಂದ ಬಿಸಿನೀರು ತರುವ ಕೆಲಸ ಇವನದು, ಚೆಲ್ಲದ ಹಾಗೆ, ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು. ಒಂದು ಸಲ, ಪಾತ್ರೆ ಇಳಿಸಿದ ಮೇಲೆ, ಇವನೂ ಕೆಮ್ಮಿದ. ಚೆನ್ನಾಗಿಯೇ ಕೆಮ್ಮಿದ, ಕೊನೆಯಲ್ಲಿ ಸುಂಯ್ ಎಂಬ ಸದ್ದನ್ನೂ ಸೇರಿಸಿದ. ಅಮ್ಮ ತಿರುಗಿ ಕೂಡ ನೋಡಲಿಲ್ಲ. "ನಿಂಗೇನಾಗಿದೆ ಧಾಡಿ? ಗುಂಡುಕಲ್ಲಿನ ಹಾಗಿದೀಯ. ಹೋಗು, ಇನ್ನೊಂದು ಚೆಂಬು ನೀರು ತಾ" ಎಂದಳು. ತಮ್ಮ ಈಗ ಮೂರು ಮೆಟ್ಟಿಲನ್ನು ಒಂದೇ ನೆಗೆತಕ್ಕೆ ಹತ್ತುತ್ತಾನೆ. ಆದರೂ ಬೀದಿಯಲ್ಲಿ ಧೂಳೆದ್ದರೆ ಅಮ್ಮ ಮೊದಲು ನೋಡುವುದು ಅವನ ಮುಖವನ್ನು. "ನಿಂದೇನೂ ತೊಂದರೆ ಇಲ್ಲ ಬಿಡು" ಎಂದು, ಇಲ್ಲಿ ಅವನ ಸರದಿ ಬಂದಾಗ, ಅಕ್ಕ ನಕ್ಕು ಪಕ್ಕದವಳ ಕಡೆ ತಿರುಗಿದರು.

ಆ ವಾರವೆಲ್ಲ ಅಂಗಡಿಯಲ್ಲಿ ಅವನ ಕೈ ಕೆಲಸ ಮಾಡಿತು, ತಲೆ ಬೇರೆಲ್ಲೋ ಇತ್ತು. ಲೆನ್ಸಿನ ಮೇಲೆ ಬಾಯಿಂದ ಹಾ ಎಂದು ಉಸಿರು ಬಿಟ್ಟು ಬಟ್ಟೆಯಿಂದ ಒರೆಸುವಾಗ ಏಳುವ ಮಂಜು ಅವನಿಗೆ ಹೊಗೆಯನ್ನೇ ನೆನಪಿಸುತ್ತಿತ್ತು. ಸಂಜೆ ಬೀದಿ ದೀಪ ಹತ್ತಿದೊಡನೆ ಈಗ ಅಕ್ಕ ಗುಬ್ಬಿಗೆ ಫೋನು ಮಾಡುತ್ತಿರುತ್ತಾರೆ ಎಂದುಕೊಳ್ಳುತ್ತಿದ್ದ. ಏನು ಮಾತಾಡುತ್ತಾರೆ? ತಿಂಡಿ ಆಯ್ತಾ ಎನ್ನುತ್ತಾರೆಯೇ? ತಮ್ಮ ಮನೆಯ ವಿಷಯ ಹೇಳುತ್ತಾರೆಯೇ? ಕಡ್ಡಿ ಸಡಿಲವಾದ ಆ ಕನ್ನಡಕವನ್ನು ತೆಗೆದಿಟ್ಟು, ಕಣ್ಣು ಉಜ್ಜಿಕೊಳ್ಳುತ್ತ, ಕಾಲು ಚಾಚಿ ಕೂತು ಮಾತಾಡುತ್ತಾರೆಯೇ? ಅವನಿಗೆ ಅಕ್ಕನ ಮೇಲೆ ಆ ಥರದ ಆಸೆ ಇರಲಿಲ್ಲ. ಇದ್ದಿದ್ದರೆ ಇಷ್ಟು ಕಷ್ಟವಿರುತ್ತಿರಲಿಲ್ಲ, ಹೇಳಿಕೊಂಡು ನಗಲು ಗೆಳೆಯರಾದರೂ ಇರುತ್ತಿದ್ದರು. ಯಾರಾದರೂ ಫೋನು ಮಾಡಿ "ಹೇಗಿದೀಯೋ" ಎಂದು ಕೇಳಿ, ಉತ್ತರ ಬರುವತನಕ ಕಾಯಲಿ ಎಂಬ ಆಸೆಯನ್ನು ಇಪ್ಪತ್ತೆರಡು ವರ್ಷದ ಗಂಡಸು ಯಾರ ಹತ್ತಿರ ಹೇಳಿಕೊಳ್ಳುತ್ತಾನೆ? "ಏನಯ್ಯಾ, ಒಂದೇ ಲೆನ್ಸನ್ನ ಎಷ್ಟು ಹೊತ್ತು ಒರೆಸ್ತೀಯ, ಸವೆದುಹೋದೀತು" ಎಂದರು ಯಜಮಾನರು. ಅಷ್ಟರೊಳಗೆ ಅವನು ನಿರ್ಧಾರ ಮಾಡಿಯಾಗಿತ್ತು.

ಮುಂದಿನ ವಾರ ಅವನು ಎಲ್ಲರಿಗಿಂತ ಮೊದಲೇ ಹೋದ. ಮೆಟ್ಟಿಲು ಹತ್ತುವಾಗಲೇ ಬಾಗಿಲನ್ನು ಮೆಲ್ಲಗೆ ಮುಚ್ಚಬೇಕೆಂದು ನೆನಪಿಸಿಕೊಂಡಿದ್ದ. ಆದರೆ ರೂಢಿ ಬಿಡಬೇಕಲ್ಲ, ಕೈ ತನ್ನ ಪಾಡಿಗೆ ದಢಾರೆನ್ನಿಸಿಬಿಟ್ಟಿತು. "ಬಂದ ನಮ್ಮ ಕಂಬ" ಎಂದು ಅಕ್ಕ ತಲೆಯೆತ್ತದೆಯೇ ಹೇಳಿದರು. ಅವನು ಹೋಗಿ ಅವರ ಪಕ್ಕದ ಕುರ್ಚಿಯಲ್ಲಿ ಕೂತ. ಕುರ್ಚಿಯ ಒಂದು ಕಾಲು ಗಿಡ್ಡ, ಕೂತರೆ ವಾಲುತ್ತದೆ ಎಂಬುದು ಆಗ ಗೊತ್ತಾಯಿತು. ಅಕ್ಕ ತಲೆಯೆತ್ತಿದರು. ಕನ್ನಡಕ ಜಾರಿತು. ಈ ಸಲ ಅದನ್ನು ಮೇಲೆ ದೂಡುವುದನ್ನೇ ಮರೆತು ಅವನನ್ನು ನೋಡಿದರು. ಹಾಗೆ ಅವರು ಅವನನ್ನು ಯಾವತ್ತೂ ನೋಡಿರಲಿಲ್ಲ. ಅವನ ಕಿವಿ ಬಿಸಿಯಾಯಿತು, ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಆ ನೀರು ಮಾತ್ರ ಸುಳ್ಳಲ್ಲ.

"ಯಾವಾಗೋ?" ಎಂದರು.

"ಮೊನ್ನೆ, ಅಕ್ಕ."

"ಯಾವ ಹೊತ್ತಲ್ಲಿ?"

ಬೆಳಿಗ್ಗೆ ಎನ್ನಬಹುದಿತ್ತು. ಮಧ್ಯಾಹ್ನ ಅಂಗಡಿ ಖಾಲಿಯಿರುವ ಹೊತ್ತು ಎನ್ನಬಹುದಿತ್ತು. ನಿಜಕ್ಕೂ ಅವನು ಹಿಂದೆ ಹೊಗೆ ಎಳೆಯುತ್ತಿದ್ದದ್ದು ಆಗಲೇ. ಆದರೆ ವಾರವಿಡೀ ಅವನು ಮನಸ್ಸಿನಲ್ಲಿ ಕದ್ದು ಕೇಳಿದ್ದು ಬೇರೊಂದು ಹೊತ್ತಿನ ಮಾತನ್ನು; ಬಾಯಿಂದ ಅದೇ ಬಂತು. "ಬೀದಿ ದೀಪ ಹತ್ತೋ ಹೊತ್ತು."

ಒಬ್ಬೊಬ್ಬರಾಗಿ ಬಂದರು, ಕುರ್ಚಿ ನೋಡಿದರು, ತಮ್ಮ ತಮ್ಮ ಜಾಗದಲ್ಲಿ ಕೂತರು. ಗಂಧದ ಕಡ್ಡಿಯ ಹಾಗೆ ಸಣ್ಣಗಿದ್ದ ಕಾಲೇಜು ಹುಡುಗಿಯೊಬ್ಬಳು ಮಾತ್ರ "ಅಯ್ಯೋ" ಎಂದಳು. ಆಮೇಲೆ ಮೆಟ್ಟಿಲ ಮೇಲೆ ಯಾರೋ ಓಡಿಬರುವ ಸದ್ದಾಯಿತು, ಬಾಗಿಲು ಗೋಡೆಗೆ ಬಡಿಯಿತು, ಗುಬ್ಬಿ ಒಳಗೆ ಬಂದ. ಅವನ ಬಾಯಿ ಆಗಲೇ ತೆರೆದಿತ್ತು. ಕಂಬ ವಾರವಾರವೂ ಕೂರುವ ಎದುರಿನ ಜಾಗದ ಕಡೆಗೇ ಅವನ ಕಣ್ಣು ಮೊದಲು ಹೋಯಿತು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಈ ಕಡೆ ತಿರುಗಿತು. ತೆರೆದ ಬಾಯಿ ಹಾಗೇ ಇತ್ತು, ಅದರೊಳಗಿದ್ದ ಮಾತು ಮಾತ್ರ ಎಲ್ಲಿಗೋ ಹೋಯಿತು.

"ನೀನಾ?" ಎಂದ.

ತನ್ನ ಕುರ್ಚಿ ಹೋಯಿತೆಂದು ಹೊಟ್ಟೆ ಉರಿಯುತ್ತಿದೆ ಇವನಿಗೆ ಎಂದುಕೊಂಡ ಕಂಬ. ಉರಿಯಲಿ, ಅದರ ರುಚಿ ಇವನಿಗೂ ಒಂದು ದಿನ ತಿಳಿಯಲಿ ಎಂದುಕೊಂಡ. ಗುಬ್ಬಿ ಹೋಗಿ ಎದುರಿಗೆ ಕೂತ. ಈ ವಾರ ಮುಟ್ಟಲಿಲ್ಲವೆಂದು ಹೇಳಿದ, ಯಾರದೋ ವಿಷಯ ಹೇಳುವವನ ಹಾಗೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಸಾವಿನ ಮನೆಯಲ್ಲಿ ಮದುವೆ ಸುದ್ದಿ ಹೇಳಿದ ಹಾಗಿತ್ತು ಅದು. ಅಕ್ಕ ಹಣೆ ಒತ್ತಿಕೊಂಡು, "ಇಬ್ಬರದೂ ಒಂದೇ ಹೊತ್ತಾಯ್ತಲ್ಲೋ. ಗುಬ್ಬೀ, ನೀನೀಗ ತಾನೆ ಹಿಡ್ಕೊಂಡಿದೀಯ, ಇನ್ನೊಂದು ವಾರ ನಿಂಗೇ ಮಾಡೋಣ ಅಂತಿದ್ದೆ" ಎಂದರು.

"ಬೇಡ ಅಕ್ಕ. ಅವನಿಗೇ ಮಾಡಿ" ಎಂದ ಗುಬ್ಬಿ. "ಕಂಬಾನೇ ಬಿದ್ದ ಮೇಲೆ ಅವನಿಗೇ ತಾನೆ ಬೇಕಾಗಿರೋದು."

ಫೋನು ಬಂತು. ಮೊದಲ ದಿನ ಅವನು ಅಂಗಡಿಯ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಯಜಮಾನರಿಗೆ ಅಮ್ಮನ ಫೋನು ಎಂದು ಹೇಳಿ, ಎತ್ತಿದ. "ಈಗ ಕೈಯಲ್ಲಿ ಏನಿದೆ?" ಎಂದು ಕೇಳಿದರು ಅಕ್ಕ. ಲೆನ್ಸು ಇತ್ತು. "ಯಾರದು?" ಒಬ್ಬ ಮುದುಕರದು, ದಪ್ಪದ್ದು. "ಅದರೊಳಗಿಂದ ಕಿಟಕಿ ಆಚೆ ನೋಡು. ಏನು ಕಾಣುತ್ತೆ ಹೇಳ್ತಾ ಹೋಗು." ಅವನು ಹೇಳುತ್ತ ಹೋದ. ಎದುರಿನ ಕಟ್ಟಡ ಊದಿಕೊಂಡು ಕಾಣುತ್ತದೆ. ಬಟ್ಟೆ ಒಣಗಿಸುವ ಹೆಂಗಸು ಅಂಚಿಗೆ ಹೋದಾಗ ಬಗ್ಗುತ್ತಾಳೆ. ಸೈಕಲ್ಲಿನವನು ಬಂದ ದಾರಿಯಲ್ಲೇ ಕರಗಿಹೋದ. "ಆಮೇಲೆ?" ಎನ್ನುತ್ತಿದ್ದರು ಅವರು. ಆಮೇಲೆ ಎಂದು ಇಷ್ಟು ಸಲ ಅವನನ್ನು ಈ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ಎರಡನೆಯ ದಿನ ಅವರು ತಮ್ಮ ಮನೆಯ ಕೊಳಾಯಿ ಸೋರುವ ವಿಷಯ ಹೇಳಿದರು. ಇನ್ನೊಂದು ದಿನ ಏನನ್ನೋ ಅಗಿಯುತ್ತ ಮಾತಾಡಿದರು; ಆ ಅಗಿಯುವ ಸದ್ದು ಅವನಿಗೆ ಎಷ್ಟು ಇಷ್ಟವಾಯಿತೆಂದರೆ ಮಾತು ಮರೆತು ಕೇಳುತ್ತ ನಿಂತ. ಆದರೆ ಪುಕ್ಕಟೆ ಏನೂ ಬರುವುದಿಲ್ಲ. ನಡುನಡುವೆ ಅವರು "ತಲುಬು ಹೇಗಿದೆ?" ಎಂದು ಕೇಳುತ್ತಿದ್ದರು, ಅವನು ಹೇಳಬೇಕಿತ್ತು. ಇಲ್ಲದ ತಲುಬನ್ನು ಎಲ್ಲಿಂದ ತರುವುದು? ಗುಬ್ಬಿ ಗುಂಪಿನಲ್ಲಿ ಹೇಳುತ್ತಿದ್ದ ಮಾತುಗಳನ್ನೇ ಕಡ ತಂದ: ಗಂಟಲ ಹಿಂದೆ ತುರಿಕೆ, ಹಲ್ಲಿನ ಬುಡದಲ್ಲಿ ನೀರೂರುವುದು, ಬೆರಳುಗಳು ಯಾವುದೋ ಕಳೆದ ವಸ್ತುವನ್ನು ಹುಡುಕುವುದು. ದಿನ ಕಳೆದಂತೆ ಬಣ್ಣ ಕಟ್ಟುವುದರಲ್ಲಿ ಪಳಗಿದ. ಹೀಗೆ ಬಾಯಲ್ಲಿ ಕರೆದದ್ದು ಮೈಗೆ ಬಂದೇಬಿಟ್ಟಿತು.

ಫೋನಿಟ್ಟ ಮೇಲೆ ಒಂದು ಸಂಜೆ ನಿಜವಾಗಿಯೂ ಅವನ ಗಂಟಲ ಹಿಂದೆ ತುರಿಸಿತು. ಬಾಯಲ್ಲಿ ವೇಪಿನ ಪುದೀನದ ಆ ಸುಳ್ಳು ತಂಪು ಎದ್ದಿತು. ಕಾಲು ತಾನಾಗಿ ಮೂಲೆಯ ಅಂಗಡಿಯ ಕಡೆ ಹೊರಟಿತು. ಪೆನ್ನು ರಬ್ಬರುಗಳ ಹಿಂದೆ ವೇಪ್ ಇಟ್ಟುಕೊಂಡು, ಗುರುತಿನವರಿಗೆ ಮಾತ್ರ ತೆಗೆದುಕೊಡುವ ಅಂಗಡಿ ಅದು. ಅಂಗಡಿಯವನು ಹಳೆಯ ಗಿರಾಕಿಯನ್ನು ಕಂಡು ಹಲ್ಲು ಬಿಟ್ಟ. "ಏನ್ ಸಾರ್, ಬಹಳ ದಿನ ಆಯ್ತು, ಕೋಪಾನಾ?" ಕಂಬ ಅಲ್ಲಿ ನಿಂತು ಲೆಕ್ಕ ಹಾಕಿದ: ಎಳೆದರೆ ತಪ್ಪೇನು, ಎಳೆದೆ ಎಂದು ಹೇಳಿಯಂತೂ ಆಗಿದೆ, ಸುಳ್ಳನ್ನು ನಿಜ ಮಾಡುವುದೂ ಒಂದು ರೀತಿಯ ಪ್ರಾಮಾಣಿಕತೆಯಲ್ಲವೆ? ತನ್ನ ತಲೆ ಇಷ್ಟು ನಯವಾಗಿ ಮಾತಾಡುವುದನ್ನು ಕೇಳಿ ಅವನಿಗೆ ಹೆದರಿಕೆಯಾಯಿತು. ಒಂದು ಪೆನ್ನು ಕೊಂಡು ಮನೆಗೆ ಹೋದ. ಆ ಪೆನ್ನು ಬರೆಯುತ್ತಲೂ ಇರಲಿಲ್ಲ.

ಮತ್ತೆ ಗುಂಪು ಸೇರುವ ದಿನ ಬಂದಾಗ ಬಾಗಿಲನ್ನು ಸರಿಯಾಗಿ, ಮೆಲ್ಲಗೆ ಮುಚ್ಚಿದ. ಇನ್ನೊಂದು ಸಲ ಜಾರಿದೆ ಎಂದ, ಕುರ್ಚಿ ಉಳಿಯಬೇಕಲ್ಲ. ಇವತ್ತು ಜೇಬಿನ ತಿರುಪುಳಿ ಕೈಗೆ ಬಂತು. "ಕೊಡಿ ಅಕ್ಕ, ಅದನ್ನ ಸರಿ ಮಾಡ್ತೀನಿ" ಎಂದ, ಅಷ್ಟು ದಿನ ಕನ್ನಡಿಯ ಮುಂದೆ ಹೇಳಿ ನೋಡಿಕೊಂಡ ಮಾತನ್ನು. ಅಕ್ಕ ಕನ್ನಡಕ ತೆಗೆದು ಅವನ ಅಂಗೈಯಲ್ಲಿಟ್ಟರು. ಮೂಗಿನ ಎರಡೂ ಬದಿಗೆ ಕೆಂಪು ಗುರುತಿತ್ತು. ಅವನು ತಿರುಪು ಬಿಗಿದ, ಕಡ್ಡಿ ಮಡಿಸಿ ಬಿಡಿಸಿ ನೋಡಿದ, ಉಸಿರು ಬಿಟ್ಟು ಗಾಜು ಒರೆಸಿದ, ಬೇಕೆಂದೇ ನಿಧಾನ ಮಾಡಿದ. ತಲೆಯೆತ್ತಿದಾಗ ಅಕ್ಕ ಅವನ ಕೈಯನ್ನು ನೋಡುತ್ತಿರಲಿಲ್ಲ. ಕನ್ನಡಕವಿಲ್ಲದ ಕಣ್ಣನ್ನು ಕಿರಿದು ಮಾಡಿ ಬಾಗಿಲನ್ನು ನೋಡುತ್ತಿದ್ದರು. ಎಲ್ಲರೂ ಬಂದಿದ್ದರು, ಗುಬ್ಬಿ ಬಂದಿರಲಿಲ್ಲ.

"ಫೋನು ಎತ್ತುತ್ತಿಲ್ಲ ಕಣೋ" ಎಂದರು, ಅವನಿಗೆ ಮಾತ್ರ ಕೇಳುವ ಹಾಗೆ. ಅಷ್ಟು ಹತ್ತಿರದಿಂದ ಅವರು ಅವನ ಜೊತೆ ಮಾತಾಡಿದ್ದು ಅದೇ ಮೊದಲು. "ಕೊಳಕ್ಕೆ ಹೋಗ್ತಿದಾನಂತೆ, ಆದ್ರೆ ಮತ್ತೆ ಶುರು ಮಾಡಿದಾನಂತೆ, ಅವರಮ್ಮ ಹೇಳಿದ್ರು. ಮೊದಲಿಗಿಂತ ಜಾಸ್ತಿ. ಈಜೋವಾಗ ಅರ್ಧಕ್ಕೇ ದಮ್ಮು ಹತ್ತುತ್ತಂತೆ. ಮಕ್ಕಳು ನಗ್ತಾರಂತೆ. ನೀನೊಂದು ಸಲ ಹೋಗಿ ನೋಡ್ತೀಯಾ?"

"ನಾನಾ?"

"ನೀನಲ್ದೆ ಇನ್ಯಾರು? ಅಷ್ಟು ದಿನ ಫೋನಲ್ಲಿ ಅವನು ಮಾತಾಡ್ತಿದ್ದದ್ದು ಬರೀ ನಿನ್ನ ವಿಷಯಾನೇ. ಕಂಬ ಹೇಗೆ ಬಿಟ್ಟ ಅಕ್ಕ, ಕಂಬ ಆಗ ಏನು ಮಾಡ್ತಿದ್ದ ಅಕ್ಕ, ನಾನು ಒಂದು ವಾರ ಹಿಡಿದ್ರೆ ಅವನ ಪಕ್ಕ ಕೂರಬಹುದಾ ಅಕ್ಕ. ನಂಗಂತೂ ಸಾಕಾಗಿಹೋಗಿತ್ತು" ಎಂದು ಅಕ್ಕ ನಗಲು ನೋಡಿದರು, ನಗು ಬರಲಿಲ್ಲ. ಅವನು ಕನ್ನಡಕವನ್ನು ಅವರ ಕೈಗೆ ಕೊಟ್ಟ. ಹಾಕಿಕೊಂಡು ಮತ್ತೆ ಬಾಗಿಲನ್ನೇ ನೋಡಿದರು. ಕಡ್ಡಿ ಈಗ ಜಾರುತ್ತಿಲ್ಲವೆಂಬುದು ಅವರ ಗಮನಕ್ಕೇ ಬರಲಿಲ್ಲ. ಆ ಕುರ್ಚಿಯಲ್ಲಿ ಕೂತು ಕಂಬನಿಗೆ ಎರಡು ಸಂಗತಿ ಒಟ್ಟಿಗೇ ತಿಳಿದವು. ತಾನು ಕದ್ದದ್ದು ಕುರ್ಚಿಯನ್ನಲ್ಲ, ಒಬ್ಬನ ಊರುಗೋಲನ್ನು ಎಂಬುದು ಒಂದು. ಅದು ತಿಳಿದ ಮೇಲೂ, ಅಕ್ಕನ ಆ ನೋಟ ಬಾಗಿಲಿಗೆ ಹೋದದ್ದಕ್ಕೆ ತನ್ನ ಹೊಟ್ಟೆ ಮೊದಲಿನ ಹಾಗೇ ಉರಿಯುತ್ತಿದೆ ಎಂಬುದು ಇನ್ನೊಂದು. ಎರಡನೆಯದು ಅವನನ್ನು ಹೆಚ್ಚು ನೋಯಿಸಿತು. ಬಂದ ಪಶ್ಚಾತ್ತಾಪವಾದರೂ ಹೊಟ್ಟೆಕಿಚ್ಚನ್ನು ಜೊತೆಗೆ ಕರೆತರದೆ ಒಂಟಿಯಾಗಿ ಬರಬಾರದೆ?

ಮಾರನೆಯ ಸಂಜೆ ಈಜುಕೊಳಕ್ಕೆ ಹೋದಾಗ ಕೊನೆಯ ಮಗುವನ್ನು ಅದರ ತಾಯಿ ಟವೆಲಿನಲ್ಲಿ ಸುತ್ತಿ ಎಳೆದುಕೊಂಡು ಹೋಗುತ್ತಿದ್ದಳು. ಒಳಗೆ ಔಷಧದ ನೀರಿನ ವಾಸನೆ, ನೆಲವೆಲ್ಲ ಒದ್ದೆ. ಗುಬ್ಬಿ ಕೊಳದ ಆ ತುದಿಯಲ್ಲಿ, ನೆಲ ಒರೆಸುವ ಬಕೆಟ್ಟಿನ ಪಕ್ಕ, ಗೋಡೆಗೆ ಒರಗಿ ಕೂತಿದ್ದ. ಬಾಯಿಂದ ಬಿಳಿಯ ಹಬೆ ಬಂದು ನೀರಿನ ಮೇಲೆ ಹೋಗಿ ಇಲ್ಲವಾಗುತ್ತಿತ್ತು. ಕಂಬನನ್ನು ಕಂಡು ಮುಚ್ಚಿಟ್ಟುಕೊಳ್ಳಲೂ ಇಲ್ಲ. ಸರಿದು ಜಾಗ ಮಾಡಿಕೊಟ್ಟ.

"ಬಾ. ತಗೋ, ನೀನೂ ಎಳಿ. ಇಬ್ಬರೂ ಜಾರಿದವರೇ ತಾನೆ."

ಕಂಬ ಕೂರಲಿಲ್ಲ. "ನಾನು ಜಾರಿಲ್ಲ ಗುಬ್ಬಿ" ಎಂದ. "ಒಂದು ಸಲಾನೂ ಮುಟ್ಟಿಲ್ಲ."

ಗುಬ್ಬಿ ನಕ್ಕ. "ಅಕ್ಕ ಹೇಳಿ ಕಳಿಸಿದ್ರಾ? ಹೀಗೆ ಹೇಳಿದ್ರೆ ಇವನಿಗೆ ಧೈರ್ಯ ಬರುತ್ತೆ ಅಂತ?"

"ಇಲ್ಲ ಕಣೋ. ನಿಜವಾಗ್ಲೂ."

"ಕುರ್ಚೀಲಿ ಕೂತಿದ್ದೆಯಲ್ಲೋ. ಕಣ್ಣಲ್ಲಿ ನೀರಿತ್ತು. ನಾನೇ ನೋಡಿದೀನಿ."

ಸುಳ್ಳು ಹೇಳಿದಾಗ ಎಲ್ಲರೂ ಒಂದೇ ಮಾತಿಗೆ ನಂಬಿದ್ದರು. ನಿಜಕ್ಕೆ ಸಾಕ್ಷಿ ಕೇಳುತ್ತಾರೆ. "ಆ ಕುರ್ಚಿ ಬೇಕಾಗಿತ್ತು ನಂಗೆ" ಎಂದ ಕಂಬ. "ನೀನು ವಾರ ವಾರ ಅಲ್ಲಿ ಕೂರ್ತಿದ್ದೆ. ಅಕ್ಕ ನಿಂಗೆ ಫೋನು ಮಾಡ್ತಿದ್ರು. ನಂಗೆ ಹೊಟ್ಟೆ ಉರೀತಿತ್ತು. ಅದಕ್ಕೇ ನಿನ್ನ ಹೊತ್ತನ್ನೇ ಹೇಳಿದೆ." ಹೇಳಿ ಮುಗಿದ ಮೇಲೆ ಇಷ್ಟೇನಾ ಅನ್ನಿಸಿತು. ಇಷ್ಟು ಸಣ್ಣ ಮಾತಿಗೆ ಇಷ್ಟೆಲ್ಲ.

ಗುಬ್ಬಿ ಬಹಳ ಹೊತ್ತು ಅವನ ಮುಖ ನೋಡಿದ. ಹೊಟ್ಟೆ ಉರಿಯುವವನ ಮುಖವನ್ನು ಯಾರೂ ಅಭಿನಯಿಸಲಾರರೇನೋ, ಅವನು ನಂಬಿದ. ನಂಬಿದ ಮೇಲೆ ಎದ್ದು ನಿಂತ, ಹೊಡೆಯುತ್ತಾನೆಂದುಕೊಂಡ ಕಂಬ. ಹೊಡೆದಿದ್ದರೆ ಚೆನ್ನಾಗಿತ್ತು.

"ಆ ವಾರ ನಾನು ಮುಟ್ಟಿರಲಿಲ್ಲ" ಎಂದ ಗುಬ್ಬಿ. "ಮೊದಲನೇ ಸಲ. ಮೊದಲು ನಿಂಗೇ ಹೇಳ್ಬೇಕು ಅಂತ ಮೆಟ್ಟಿಲು ಓಡ್ಕೊಂಡು ಹತ್ತಿದೆ ಕಣೋ. ಆ ಕುರ್ಚೀಲಿ ಕೂರೋಕೆ ನಂಗೆ ಎಷ್ಟು ನಾಚಿಕೆ ಆಗ್ತಿತ್ತು ಗೊತ್ತಾ ನಿಂಗೆ? ಥೂ, ಅದಕ್ಕೆ ಹೊಟ್ಟೆ ಉರ್ಕೊಂಡೆಯಾ?"

ಹೊರಗೆ ಬೀದಿ ದೀಪ ಹತ್ತಿತು. ಮೇಲಿನ ಕಿಟಕಿಯಿಂದ ಬೆಳಕು ಬಂದು ನೀರಿನ ಮೇಲೆ ಬಿತ್ತು. ಕಂಬನ ಜೇಬಿನಲ್ಲಿ ಫೋನು ನಡುಗಿತು. ತೆಗೆದ. ಅಕ್ಕ. ಇಂಥದೇ ಹೊತ್ತಿನಲ್ಲಿ ವಾರದುದ್ದ ಅವನು ಬಾಗಿಲು ಹಾಕಿಕೊಂಡು ಕಾದಿದ್ದು ಈ ನಡುಕಕ್ಕೆ. ಎತ್ತಿ ಒಂದು ಮಾತಾಡಿ ಕೊಟ್ಟರಾಯಿತು ಎಂದಿತು ಮನಸ್ಸು, ಒಂದೇ ಒಂದು ಮಾತು. ಅವನು ಎತ್ತದೆ ಗುಬ್ಬಿಯ ಕಡೆ ಚಾಚಿದ. "ಇದು ನಿನ್ನ ಹೊತ್ತು. ಎತ್ತು." ಗುಬ್ಬಿ ಹಿಂದೆಮುಂದೆ ನೋಡಿದ. ಫೋನು ಇನ್ನೇನು ನಿಲ್ಲುತ್ತದೆ ಎನ್ನುವಾಗ ಕೈಯಲ್ಲಿದ್ದ ವೇಪನ್ನು ಕಂಬನ ಕೈಗೆ ತುರುಕಿ, ಫೋನು ಕಸಿದುಕೊಂಡು, "ಅಕ್ಕಾ, ನಾನು" ಎಂದ. ಆಮೇಲೆ ಅವನ ದನಿ ಒಡೆಯಿತು. ಬೆನ್ನು ತಿರುಗಿಸಿ ಕೊಳದ ಅಂಚಿಗೆ ಹೋಗಿ ಕಾಲು ಇಳಿಬಿಟ್ಟು ಕೂತ.

ಕಂಬ ಗೋಡೆಯ ಪಕ್ಕ ನಿಂತಿದ್ದ. ಅಕ್ಕನ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಗುಬ್ಬಿ ಹೂಂ ಹೂಂ ಎಂದ, ಮೂಗೆಳೆದ, ಆಮೇಲೆ ಇದ್ದಕ್ಕಿದ್ದಂತೆ ನಕ್ಕ. ಯಾವುದಕ್ಕೆ ನಕ್ಕ? ಕೊಳಾಯಿಯ ವಿಷಯ ಹೇಳಿದರೇ? ಏನನ್ನಾದರೂ ಅಗಿಯುತ್ತಿದ್ದಾರೆಯೆ? ಕಂಬನ ಮುಷ್ಟಿಯಲ್ಲಿ ವೇಪು ಇನ್ನೂ ಬಿಸಿಯಾಗಿತ್ತು, ಪುದೀನದ ವಾಸನೆ ಬರುತ್ತಿತ್ತು. ಯಾರೂ ನೋಡುತ್ತಿರಲಿಲ್ಲ. ಹೆಬ್ಬೆರಳು ಅದರ ತುದಿಯನ್ನು ಸವರಿತು. ಒಂದು ದಮ್ಮು ಎಳೆದರೆ ಮುಂದಿನ ವಾರ ಆ ಕುರ್ಚಿ ನ್ಯಾಯವಾಗಿಯೇ ತನ್ನದು. ಕೈ ಎದೆಯ ಮಟ್ಟಕ್ಕೆ ಬಂತು. ಗುಬ್ಬಿ ಮತ್ತೆ ನಕ್ಕ. ಇವನು ಇನ್ನೊಂದು ಸಲ ಜಾರಬಾರದು ಎಂದು ಕಂಬನಿಗೆ ಆಗ ಬಲವಾಗಿ ಅನ್ನಿಸಿತು, ಜಾರಿದರೆ ಅಕ್ಕನ ಪಕ್ಕ ಮತ್ತೆ ಇವನೇ ಕೂರುತ್ತಾನೆ, ವಾರಗಟ್ಟಲೆ ಕೂರುತ್ತಾನೆ. ಅವನು ಬಗ್ಗಿ ವೇಪನ್ನು ನೆಲ ಒರೆಸುವ ಬಕೆಟ್ಟಿನ ಕೊಳಕು ನೀರಿನೊಳಗೆ ಅದುಮಿ ಹಿಡಿದ. ಗುಳುಗುಳು ಎಂದು ಗುಳ್ಳೆ ಬಂದವು. ಗುಳ್ಳೆ ನಿಂತ ಮೇಲೂ ಕೈ ತೆಗೆಯಲಿಲ್ಲ. ಒಳ್ಳೆಯತನ ಎಂದು ಯಾರಾದರೂ ಹೊಗಳಿದ್ದರೆ ಅವನು ಅವರ ಮುಖಕ್ಕೇ ಆ ನೀರು ಎರಚುತ್ತಿದ್ದ.

ಮಾತು ಮುಗಿದು ಗುಬ್ಬಿ ಬಂದ. ಕಣ್ಣು ಕೆಂಪಾಗಿತ್ತು, ಮುಖ ಹಗುರಾಗಿತ್ತು. ಬಕೆಟ್ಟಿನಲ್ಲಿ ಮುಳುಗಿದ್ದ ಕೈಯನ್ನು ನೋಡಿದ.

"ಏನಂದ್ರು?" ಎಂದ ಕಂಬ, ಕೈ ಒರೆಸಿಕೊಳ್ಳುತ್ತ.

"ನಾಳೆಯಿಂದ ಈ ಹೊತ್ತಿಗೆ ನಂಗೆ ಮಾಡ್ತಾರಂತೆ. ನೀನು ಸುಳ್ಳು ಹೇಳಿದ್ದು ಹೇಳ್ಲಿಲ್ಲ ನಾನು. ಅದನ್ನ ನೀನೇ ಹೇಳ್ಕೋ."

"ನನ್ನ ಬಗ್ಗೆ ಏನಾದ್ರೂ ಕೇಳಿದ್ರಾ?"

ಗುಬ್ಬಿ ಹಣೆ ಗಂಟಿಕ್ಕಿ ಪ್ರಾಮಾಣಿಕವಾಗಿ ನೆನಪು ಮಾಡಿಕೊಂಡ. "ಇಲ್ಲ" ಎಂದ. "ಯಾಕೆ, ನಿಂಗೂ ಫೋನು ಮಾಡ್ಬೇಕಿತ್ತಾ?"

"ನಂಗ್ಯಾಕೋ?" ಎಂದ ಕಂಬ. "ನಂಗೇನಾಗಿದೆ ಧಾಡಿ, ಗುಂಡುಕಲ್ಲಿನ ಹಾಗಿದೀನಿ."

ಗುಬ್ಬಿ ಚಪ್ಪಲಿ ಹುಡುಕಿ ತಂದ. ಒದ್ದೆ ಕಾಲಿಗೆ ಪಟ್ಟಿ ಏರಿಸಲು ಬಗ್ಗಿದವನು ಆಯ ತಪ್ಪಿ, ಕಂಬನ ಹೆಗಲನ್ನು ಹಿಡಿದುಕೊಂಡು, ಪೂರಾ ಭಾರ ಹಾಕಿ ಒಂಟಿ ಕಾಲಲ್ಲಿ ನಿಂತ. ಅವನು ಎರಡೂ ಚಪ್ಪಲಿ ಹಾಕಿಕೊಳ್ಳುವತನಕ ಕಂಬ ಅಲ್ಲಾಡಲಿಲ್ಲ.